ಮುಡಿಪಿನ ಒರತೆ ಮತ್ತು ಸಂತ ಜೋಸೆಫ್ ವಾಜ್



ಜನವರಿ 16 ಸಂತ ಜೋಸೆಫ್ ವಾಜರ ಹಬ್ಬ. ಮಂಜೇಶ್ವರದ ಗಡಿಗೆ ಹತ್ತಿರವಿರುವ ಮುಡಿಪು ಗುಡ್ಡಕ್ಕೆ ಹೋಗಿ, ಅಲ್ಲಿನ ಒರತೆಯ ನೀರನ್ನು ಬಾಟಲಿಯಲ್ಲಿ ಮನೆಗೆ ತರುವುದು ನಮ್ಮ ಅನೇಕ ಕುಟುಂಬಗಳ ರೂಢಿ. ಆ ನೀರಿನ ಹಿಂದಿರುವ ಬದುಕನ್ನು ಯುವಜನರಾದ ನಾವು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇವೆ.

ಜೋಸೆಫ್ ವಾಜ್ 1651ರ ಏಪ್ರಿಲ್ 21ರಂದು ಗೋವಾದ ಬಾಣಾವಲಿಯಲ್ಲಿ ಜನಿಸಿದರು. 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಅವರನ್ನು ಕೆನರಾಕ್ಕೆ ಕಳುಹಿಸಲಾಯಿತು. ಆಗ ಇಲ್ಲಿನ ಕ್ರೈಸ್ತರು ಪೋರ್ಚುಗೀಸರ ಅಧಿಕಾರ ಮತ್ತು ರೋಮಿನಿಂದ ನೇಮಕವಾದವರ ಅಧಿಕಾರದ ನಡುವಿನ ಜಗಳದಲ್ಲಿ ಇಬ್ಭಾಗವಾಗಿದ್ದರು. ವಾಜರು ಮಂಗಳೂರು, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರಗಳಲ್ಲಿ ಸಂಚರಿಸಿ ಮನಸ್ಸುಗಳನ್ನು ಒಂದುಗೂಡಿಸಲು ದುಡಿದರು.

ಮುಡಿಪಿನ ಕಥೆ ಆ ವರ್ಷಗಳದ್ದು. ಸಾಯುತ್ತಿರುವ ರೋಗಿಯೊಬ್ಬರಿಗೆ ಸಂಸ್ಕಾರ ನೀಡಬೇಕೆಂದು ಸುಳ್ಳು ಹೇಳಿ, ಕೊಲ್ಲುವ ಉದ್ದೇಶದಿಂದ ಕೆಲವರು ಅವರನ್ನು ರಾತ್ರಿ ಗುಡ್ಡಕ್ಕೆ ಕರೆದೊಯ್ದರಂತೆ. ಅವರು ಬಂಡೆಯ ಮೇಲೆ ಮೊಣಕಾಲೂರಿ ಪ್ರಾರ್ಥಿಸಿದಾಗ ಅಲ್ಲಿ ನೀರು ಚಿಮ್ಮಿತೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಆ ನೀರು ಮೊದಲು ಕಾಣಿಸಿದ್ದು ಭಕ್ತರಿಗಲ್ಲ, ಕೊಲ್ಲಬಂದವರಿಗೆ ಎಂಬುದನ್ನು ಗಮನಿಸಿ.

1684ರಲ್ಲಿ ಗೋವಾಕ್ಕೆ ಮರಳಿದ ವಾಜರ ಮನಸ್ಸು ಸಿಲೋನಿನ ಕಡೆಗಿತ್ತು. ಅಲ್ಲಿನ ಡಚ್ ಆಡಳಿತ ಕಥೋಲಿಕ ಗುರುಗಳನ್ನು ನಿಷೇಧಿಸಿತ್ತು. 1687ರಲ್ಲಿ ಅವರು ಕೂಲಿಯವನ ವೇಷದಲ್ಲಿ ಜಾಫ್ನಾ ಸೇರಿದರು. ಅಷ್ಟರಲ್ಲೇ ರಕ್ತಭೇದಿ ಅವರನ್ನು ಮರಣದ ಅಂಚಿಗೆ ತಳ್ಳಿತ್ತು. ಈ ರೋಗ ಕೆಟ್ಟ ನೀರು, ಆಹಾರಗಳ ಮೂಲಕ ಹರಡುತ್ತದೆಂದು ಇಂದು ಶಾಲಾ ಮಕ್ಕಳಿಗೂ ಗೊತ್ತು; ಆ ಕಾಲದಲ್ಲಿ ರೋಗಾಣುಗಳ ವಿಷಯ ತಿಳಿದಿರಲಿಲ್ಲ. ಗುಣಮುಖರಾದ ಮೇಲೆ ಜಪಸರವನ್ನು ಕೊರಳಿಗೆ ಹಾಕಿಕೊಂಡು, ಭಿಕ್ಷೆ ಬೇಡುತ್ತಾ ಅಡಗಿದ್ದ ಕ್ರೈಸ್ತರನ್ನು ಹುಡುಕಿದರು.

1692ರಲ್ಲಿ ಕ್ಯಾಂಡಿ ತಲುಪಿದಾಗ ಪೋರ್ಚುಗೀಸ್ ಗೂಢಚಾರನೆಂದು ಸೆರೆಯಾದರು. 1696ರಲ್ಲಿ ಭೀಕರ ಬರ ಬಂತು. ಬೌದ್ಧ ರಾಜ ಎರಡನೇ ವಿಮಲಧರ್ಮಸೂರ್ಯ ಮಳೆಗಾಗಿ ಪ್ರಾರ್ಥಿಸುವಂತೆ ಕೇಳಿಕೊಂಡಾಗ, ವಾಜರು ಬಯಲಿನಲ್ಲಿ ಪೀಠವಿಟ್ಟು, ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದರು. ಮಳೆ ಧಾರಾಕಾರವಾಗಿ ಸುರಿಯಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಮಳೆ ಬಿದ್ದದ್ದು ಬೆರಳೆಣಿಕೆಯ ಕ್ರೈಸ್ತರ ಗದ್ದೆಗಷ್ಟೇ ಅಲ್ಲ, ಇಡೀ ನಾಡಿಗೆ. ಮರುವರ್ಷ ಸಿಡುಬು ಹಬ್ಬಿದಾಗಲೂ ಅವರು ರೋಗಿಗಳ ಧರ್ಮ ಕೇಳದೆ ಆರೈಕೆ ಮಾಡಿದರು, ಸತ್ತವರನ್ನು ಹೂಳಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ದೈವಾಧೀನರಾದರು.

2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅದೇ ವರ್ಷ ಹೊರಬಂದ 'ಲೌದಾತೊ ಸೀ' ವಿಶ್ವಪತ್ರದಲ್ಲಿ, ಶುದ್ಧ ಕುಡಿಯುವ ನೀರು ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ಅವರು ಬೋಧಿಸಿದರು.

ಈ ಬೋಧನೆ ಕಾಸರಗೋಡಿನವರಾದ ನಮಗೆ ದೂರದ ಮಾತಲ್ಲ. ಮುರಕಲ್ಲಿನ ಗುಡ್ಡ ಕೊರೆದು ಸುರಂಗದಿಂದ ನೀರು ತಂದ ಹಿರಿಯರ ನಾಡಿದು. ಇದೇ ನಾಡಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಲ್ಲಿ ನೀರು ಕುಡಿದವರ ಜಾತಿ, ಧರ್ಮ, ಭಾಷೆಯನ್ನು ಆ ವಿಷ ನೋಡಲಿಲ್ಲ. ಇಂದಿನ ಅಪಾಯ ನಮ್ಮ ಹಿತ್ತಿಲಲ್ಲೂ ಇದೆ: ಮುರಕಲ್ಲಿನಲ್ಲಿ ನೀರು ಬೇಗ ಇಳಿಯುತ್ತದೆ, ಅದರೊಂದಿಗೆ ಶೌಚಗುಂಡಿಯ ಕೊಳೆಯೂ ಬಾವಿ ಸೇರಬಹುದು. ಆದ್ದರಿಂದಲೇ ಇವೆರಡರ ನಡುವೆ ಕನಿಷ್ಠ 7.5 ಮೀಟರ್ ಅಂತರವಿರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ.

ಫೆಬ್ರವರಿಯಲ್ಲಿ ನಾವು ವಾಳೆ ವಾಳೆಗೆ ಬಂದು ಬಾವಿ, ಸುರಂಗಗಳ ನೀರಿನ ಮಾದರಿ ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸಲಿದ್ದೇವೆ. ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುತ್ತೇವೆ. ಗುರಿಕಾರರು ದಯವಿಟ್ಟು ಅವರಿಗೂ ಮುಂಚಿತವಾಗಿ ತಿಳಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ಬತ್ತುವ ಮನೆಗಳ ಹೆಸರನ್ನೂ ಕೊಡಿ. ನೀರಿರುವ ಮನೆಯವರೊಡನೆ ನಾವೇ ಮಾತಾಡುತ್ತೇವೆ.

ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.