ಮದುರೆಯಲ್ಲಿ ಹುಟ್ಟಿದ ತರ್ಕಪಂಡಿತ ಆಗಸ್ಟಸ್ ಡಿ ಮಾರ್ಗನ್



ಅಲ್ಗಾರಿದಮ್ ಎಂಬ ಪದವು ಬಾಗ್ದಾದಿನ ವಿದ್ವಾಂಸ ಅಲ್-ಖ್ವಾರಿಜ್ಮಿಯವರ ಹೆಸರಿನಿಂದ ಬಂದದ್ದೆಂದು ನೀವು ಓದಿರುತ್ತೀರಿ. ಕಂಪ್ಯೂಟರಿನಲ್ಲಿ ಸಾವಿರಾರು ಹೆಸರುಗಳ ನಡುವೆ ಷರತ್ತಿಗೆ ಹೊಂದುವವರನ್ನು ಮಾತ್ರ ಆರಿಸಲು ನೆರವಾಗುವ ಇನ್ನೊಂದು ನಿಯಮವಿದೆ. ಅದು ದಕ್ಷಿಣ ಭಾರತದಲ್ಲೇ ಹುಟ್ಟಿದ ಒಬ್ಬ ಗಣಿತಜ್ಞನ ಹೆಸರಿನಲ್ಲಿದೆ. ಅವರೇ ಆಗಸ್ಟಸ್ ಡಿ ಮಾರ್ಗನ್.

ಡಿ ಮಾರ್ಗನ್ ಹುಟ್ಟಿದ್ದು 1806ರ ಜೂನ್ 27ರಂದು, ಮದುರೆಯಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ. ನಿಜಾಮರು 1800ರಲ್ಲಿ ಬಿಟ್ಟುಕೊಟ್ಟ ಬಳ್ಳಾರಿ ಸೀಮೆಯೊಡನೆ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೂ ಆಗ ಮದ್ರಾಸಿನ ಆಡಳಿತಕ್ಕೇ ಸೇರಿದ್ದವು. ಹುಟ್ಟಿದ ಸ್ವಲ್ಪ ಕಾಲದಲ್ಲೇ ಮಗುವಿನ ಒಂದು ಕಣ್ಣಿನ ದೃಷ್ಟಿ ಹೋಯಿತು. ಏಳು ತಿಂಗಳ ಕೂಸಾಗಿದ್ದಾಗ ಕುಟುಂಬ ಇಂಗ್ಲೆಂಡಿಗೆ ಹೋಯಿತು. ಹತ್ತನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಶಾಲೆಯಲ್ಲಿ ಸಹಪಾಠಿಗಳು ಕಣ್ಣಿನ ಕೊರತೆಯನ್ನೇ ಹಿಡಿದು ಕೀಟಲೆ ಮಾಡುತ್ತಿದ್ದರು.

1823ರಲ್ಲಿ ಕೇಂಬ್ರಿಜ್ ಸೇರಿದ ಅವರು 1827ರ ಗಣಿತ ಪರೀಕ್ಷೆಯಲ್ಲಿ ನಾಲ್ಕನೆಯ ಸ್ಥಾನ ಗಳಿಸಿದರು. ಆದರೆ ಎಂ.ಎ. ಪದವಿ ಬೇಕಿದ್ದರೆ ಅಲ್ಲಿ ಅಧಿಕೃತ ಚರ್ಚಿನ ನಂಬಿಕೆಗಳನ್ನು ಒಪ್ಪಿ ಸಹಿ ಹಾಕಬೇಕಿತ್ತು. ಅದೇ ಚರ್ಚಿನ ಮನೆತನದಲ್ಲಿ ಬೆಳೆದಿದ್ದರೂ ವಿದ್ಯೆಗೆ ಇಂಥ ಷರತ್ತು ಸಲ್ಲದೆಂದು ಅವರು ಸಹಿ ಹಾಕಲಿಲ್ಲ. ಪದವಿಯೂ ಹೋಯಿತು, ಫೆಲೋಶಿಪ್ಪೂ ಕೈತಪ್ಪಿತು. ಧರ್ಮದ ಪರೀಕ್ಷೆಯಿಲ್ಲದೆ ಎಲ್ಲರಿಗೂ ಬಾಗಿಲು ತೆರೆದಿದ್ದ ಲಂಡನ್ನಿನ ಹೊಸ ವಿಶ್ವವಿದ್ಯಾಲಯ 1828ರಲ್ಲಿ ಅವರನ್ನು ಗಣಿತ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಆಗ ಅವರಿಗೆ ಇಪ್ಪತ್ತೆರಡೂ ತುಂಬಿರಲಿಲ್ಲ.

ಡಿ ಮಾರ್ಗನ್ 1847ರಲ್ಲಿ ತರ್ಕಶಾಸ್ತ್ರದ ಗ್ರಂಥವನ್ನು ಪ್ರಕಟಿಸಿದರು. ಅದೇ ವರ್ಷ ಜಾರ್ಜ್ ಬೂಲ್ ಅವರ ಗ್ರಂಥವೂ ಬಂತು. ಇಂದಿನ ಪ್ರೋಗ್ರಾಮುಗಳ ಆ್ಯಂಡ್, ಆರ್, ನಾಟ್ ಎಂಬ ಷರತ್ತುಗಳಿಗೆ ಇವರಿಬ್ಬರ ಕೆಲಸವೇ ತಳಹದಿ. ಡಿ ಮಾರ್ಗನ್ ನಿಯಮದ ತಿರುಳು ಮಧ್ಯಯುಗದ ಪಂಡಿತರಿಗೂ ಗೊತ್ತಿತ್ತು. ಅದನ್ನು ಗಣಿತದ ರೂಪಕ್ಕೆ ತಂದವರು ಇವರು.

ನಿಯಮ ಸರಳವಾಗಿದೆ. ಅಲ್ಲ ಎಂಬುದನ್ನು ಆವರಣದ ಒಳಗೆ ತಂದಾಗ 'ಮತ್ತು' ಇದ್ದದ್ದು 'ಅಥವಾ' ಆಗುತ್ತದೆ, 'ಅಥವಾ' ಇದ್ದದ್ದು 'ಮತ್ತು' ಆಗುತ್ತದೆ. ಒಂದು ಉದಾಹರಣೆ ನೋಡಿ. ವಿದ್ಯಾರ್ಥಿವೇತನಕ್ಕೆ 100 ಅರ್ಜಿ ಬಂದಿವೆ ಎನ್ನಿ. ಅರ್ಜಿದಾರ ಯತೀಮನಾಗಿರಬೇಕು ಅಥವಾ ಮನೆಯ ಆದಾಯ ಕಡಿಮೆ ಇರಬೇಕು. ಯತೀಮರು 20, ಕಡಿಮೆ ಆದಾಯದವರು 60, ಎರಡೂ ಆಗಿರುವವರು 10. ಹಾಗಾದರೆ ಅರ್ಹರು 70, ಅನರ್ಹರು 30. ಅನರ್ಹರನ್ನು ತೆಗೆಯಲು, ಯತೀಮನಲ್ಲ ಮತ್ತು ಆದಾಯ ಕಡಿಮೆಯಿಲ್ಲ ಎಂದು ಬರೆಯಬೇಕು. ಮರೆತು 'ಮತ್ತು' ಬದಲು 'ಅಥವಾ' ಬರೆದರೆ ಎರಡೂ ಆಗಿರುವ 10 ಮಂದಿ ಮಾತ್ರ ಉಳಿಯುತ್ತಾರೆ. ಅರ್ಹರಾದ 60 ಮಕ್ಕಳ ಹೆಸರು ಸದ್ದಿಲ್ಲದೆ ಅಳಿದುಹೋಗುತ್ತದೆ. ಕಂಪ್ಯೂಟರ್ ತಪ್ಪೆಂದು ಹೇಳುವುದಿಲ್ಲ, ತನಗೆ ಹೇಳಿದ್ದನ್ನಷ್ಟೇ ಮಾಡುತ್ತದೆ.

ನಮ್ಮ ಸೀಮೆಯದೇ ಇನ್ನೊಂದು ಉದಾಹರಣೆ ಕೊಡಬಹುದು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಹಳೆಯ ದಾಖಲೆಗಳಲ್ಲಿ ಜಿಲ್ಲೆ ವಿಜಯನಗರ ಎಂದಷ್ಟೇ ಹುಡುಕಿದರೆ ಅಲ್ಲಿನ ಮಕ್ಕಳು ಸಿಗುವುದಿಲ್ಲ. ಜಿಲ್ಲೆ ವಿಜಯನಗರ ಅಥವಾ ತಾಲ್ಲೂಕು ಹರಪನಹಳ್ಳಿ ಎಂದು ಕೇಳಿದರೆ ಅವರೂ ಸಿಗುತ್ತಾರೆ. ಕೂಡ್ಲಿಗಿ, ಹಡಗಲಿಯಂಥ ಬಳ್ಳಾರಿಯಿಂದ ಬಂದ ತಾಲ್ಲೂಕುಗಳ ಹೆಸರನ್ನೂ ಹೀಗೆಯೇ ಸೇರಿಸಬೇಕು.

ಹುಟ್ಟಿದ ನಾಡಿನ ಮೇಲೆ ಡಿ ಮಾರ್ಗನ್ ಅವರಿಗೆ ಅಭಿಮಾನವಿತ್ತು. ದೆಹಲಿ ಕಾಲೇಜಿನಲ್ಲಿ ಉರ್ದು ಮಾಧ್ಯಮದಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾಸ್ಟರ್ ರಾಮಚಂದ್ರ ಅವರ ಗಣಿತ ಗ್ರಂಥ 1850ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಗಿತ್ತು. ಅದನ್ನು 1859ರಲ್ಲಿ ತಮ್ಮ ಮುನ್ನುಡಿಯೊಡನೆ ಲಂಡನ್ನಿನಲ್ಲಿ ಮರುಮುದ್ರಣ ಮಾಡಿಸಿದವರು ಇವರೇ. 1865ರಲ್ಲಿ ಲಂಡನ್ ಗಣಿತ ಸಂಘದ ಮೊದಲ ಅಧ್ಯಕ್ಷರಾದರು. ಮರುವರ್ಷ ಅವರ ಕಾಲೇಜು ಜೇಮ್ಸ್ ಮಾರ್ಟಿನೋ ಎಂಬ ವಿದ್ವಾಂಸರನ್ನು ಅವರ ಧಾರ್ಮಿಕ ಪಂಥದ ಕಾರಣಕ್ಕೆ ಪ್ರಾಧ್ಯಾಪಕ ಹುದ್ದೆಗೆ ಒಪ್ಪಲಿಲ್ಲ. ಯಾವ ತತ್ವಕ್ಕಾಗಿ ಅಲ್ಲಿಗೆ ಬಂದಿದ್ದರೋ ಅದನ್ನೇ ಕಾಲೇಜು ಬಿಟ್ಟಿತೆಂದು ಡಿ ಮಾರ್ಗನ್ ರಾಜೀನಾಮೆ ಕೊಟ್ಟರು. 1871ರ ಮಾರ್ಚ್ 18ರಂದು ನಿಧನರಾದರು.

ನಿಮ್ಮಲ್ಲಿ ಹಲವರು ನಾಳೆ ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಇಂಥ ಪಟ್ಟಿಗಳನ್ನು ಸಿದ್ಧಪಡಿಸುವವರು. ಷರತ್ತು ಬರೆದ ಮೇಲೆ ನಾಲ್ಕು ಬಗೆಯ ಅರ್ಜಿ ಹಾಕಿ ನೋಡಿ: ಎರಡೂ ಇರುವವರು, ಮೊದಲನೆಯದು ಮಾತ್ರ ಇರುವವರು, ಎರಡನೆಯದು ಮಾತ್ರ ಇರುವವರು, ಎರಡೂ ಇಲ್ಲದವರು. ಐದು ನಿಮಿಷದ ಕೆಲಸ. ಕೈಬಿಟ್ಟ ಪ್ರತಿಯೊಂದು ಹೆಸರಿನ ಹಿಂದೆ ಒಂದು ಮನೆಯಿದೆ, ಆ ಹೆಸರು ನಮ್ಮ ಕೈಯಲ್ಲಿರುವ ಅಮಾನತ್ ಎಂಬುದನ್ನು ಮರೆಯದಿರಿ.