ಯಶವಂತಪುರದ ಮಣ್ಣಿನಲ್ಲಿ ರೋಮಿನ ಚಕ್ರವರ್ತಿ

ನಮ್ಮೂರು ಅಳ್ನಾವರದಿಂದ ಬೆಂಗಳೂರಿಗೆ ಬರುವ ರೈಲು ಯಶವಂತಪುರವನ್ನು ಸಮೀಪಿಸಿದಾಗಲೆಲ್ಲ ನನಗೆ ರೋಮಿನ ಚಕ್ರವರ್ತಿ ಟೈಬೀರಿಯಸ್ ನೆನಪಾಗುತ್ತಾನೆ. 1891ರಲ್ಲಿ ಅಲ್ಲಿ ರೈಲುಹಾದಿಗಾಗಿ ನೆಲ ಅಗೆದಾಗ ದೊರೆತ 163 ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಅವನವೂ ಇದ್ದವು.

ಕ್ರಿ.ಪೂ. 42ರಲ್ಲಿ ಹುಟ್ಟಿದ ಅವನನ್ನು ಅರಮನೆಗೆ ಸೇರಿಸಿದ್ದು ತಾಯಿ ಲಿವಿಯಾ ಅಗಸ್ಟಸ್‌ನೊಡನೆ ಮಾಡಿಕೊಂಡ ಮರುಮದುವೆ. ಅದಕ್ಕೆ ಮಗ ತೆತ್ತ ಬೆಲೆ ಸಣ್ಣದಲ್ಲ. ಮಲತಂದೆಯ ಆಣತಿಗೆ ಮಣಿದು, ಪ್ರೀತಿಯ ಮಡದಿ ವಿಪ್ಸಾನಿಯಾಳನ್ನು ತೊರೆದು, ಅಗಸ್ಟಸ್‌ನ ಮಗಳು ಜೂಲಿಯಾಳ ಕೈಹಿಡಿದನು. ಮುಂದೆ ರೋಮನ್ನೇ ಬಿಟ್ಟು ರೋಡ್ಸ್ ದ್ವೀಪ ಸೇರಿದನು. ಅಗಸ್ಟಸ್ ತನ್ನ ನಾಣ್ಯಗಳಲ್ಲಿ ಮೆರೆಸಿದ್ದ ಮೊಮ್ಮಕ್ಕಳಾದ ಗೈಯಸ್ ಮತ್ತು ಲೂಸಿಯಸ್ ಅಕಾಲದಲ್ಲಿ ತೀರಿಕೊಂಡ ಮೇಲಷ್ಟೇ ಇವನು ದತ್ತುಪುತ್ರನಾದನು, ಕ್ರಿ.ಶ. 14ರಲ್ಲಿ, ಐವತ್ತು ದಾಟಿದ ಮೇಲೆ, ಪಟ್ಟವೇರಿದನು.

ಅವನ ಬೆಳ್ಳಿ ನಾಣ್ಯದ ಒಂದು ಬದಿಯಲ್ಲಿ ಅವನ ಮುಖ. ಇನ್ನೊಂದು ಬದಿಯಲ್ಲಿ ರಾಜದಂಡ ಹಿಡಿದು ಕುಳಿತ ಸ್ತ್ರೀ. ಆಕೆ ಲಿವಿಯಾಳೇ ಇರಬೇಕೆಂಬುದು ಹಲವು ವಿದ್ವಾಂಸರ ಊಹೆ. ಆದರೆ ಕ್ರಿ.ಶ. 29ರಲ್ಲಿ ತಾಯಿ ತೀರಿಕೊಂಡಾಗ ಕ್ಯಾಪ್ರಿ ದ್ವೀಪದಲ್ಲಿದ್ದ ಮಗ ಅಂತ್ಯಕ್ರಿಯೆಗೂ ಬರಲಿಲ್ಲ.

ಒಡವೆಗಳ ಮೋಹದಿಂದ ರೋಮಿನ ಹಣ ಪರದೇಶಗಳ ಪಾಲಾಗುತ್ತಿದೆಯೆಂದು ಅವನು ಸೆನೆಟ್ಟಿಗೆ ದೂರಿಕೊಂಡಿದ್ದನು. ಕ್ರಿ.ಶ. 37ರಲ್ಲಿ ಅವನು ಸತ್ತಾಗ ರೋಮಿನ ಜನ ಹಿಗ್ಗಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಅವನು ಹಳಿದ ಆ ವ್ಯಾಪಾರವೇ ಅವನ ಮುಖವನ್ನು ನಮ್ಮ ಮಣ್ಣಿನಲ್ಲಿ ಹದಿನೆಂಟು ಶತಮಾನ ಕಾಪಾಡಿತು.