ಮರೆತುಹೋದ ಗೀತವನ್ನು ತಿರಿಗಿ ಕೇಳಿಸಿದವನು: ಫೇಲಿಕ್ಸ್ ಮೆಂಡೆಲ್ಸೋನನ ಚರಿತ್ರೆ

ಮನೆಯಲ್ಲಿ ಒಳ್ಳೇ ಅಡಿಗೆಯಾದಾಗ ಬಾಗಿಲು ಹಾಕಿಕೊಂಡು ಒಬ್ಬನೇ ಉಣ್ಣುವವನನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಮೆಚ್ಚುವದಿಲ್ಲ. ಸಂಗೀತವೂ ಅಂಥದೇ. ನಮ್ಮ ಮನಸ್ಸಿಗೆ ಹಿಡಿದ ಹಾಡನ್ನು ಬೇರೊಬ್ಬನಿಗೆ ಕೇಳಿಸಿ, ಅವನ ಮುಖವು ಅರಳುವದನ್ನು ಕಾಣುವ ತನಕ ನಮ್ಮ ಸಂತೋಷವು ಪೂರ್ಣವಾಗದು. ತಾನು ಪ್ರೀತಿಸಿದ ಸಂಗೀತವನ್ನು ಇತರರಿಗೆ ಹಂಚುವದರಲ್ಲಿ ತನ್ನ ಅಲ್ಪಾಯುಷ್ಯದ ಬಹುಭಾಗವನ್ನು ವೆಚ್ಚಮಾಡಿದ ಒಬ್ಬ ಮನುಷ್ಯನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ. ಆತನ ಹೆಸರು ಫೇಲಿಕ್ಸ್ ಮೆಂಡೆಲ್ಸೋನ್. ಕ್ರಿಸ್ತನ ಜನನವನ್ನು ದೂತರು ಸಾರಿದ್ದನ್ನು ಕುರಿತು ಚಾರ್ಲ್ಸ್ ವೆಸ್ಲಿಯು ಬರೆದ ಕೀರ್ತನೆಯನ್ನು ಅನೇಕ ದೇಶಗಳ ಸಭೆಗಳು ಕ್ರಿಸ್‌ಮಸ್ ಹಬ್ಬದಲ್ಲಿ ಹಾಡುವ ರಾಗವು ಈತನದೇ. ಅಚ್ಚಿನ ವಿದ್ಯೆಗೆ ಹೆಸರಾದ ಗುಟೆನ್‌ಬೆರ್ಗನ ಉತ್ಸವಕ್ಕಾಗಿ ಆತನು ಅದನ್ನು 1840ರಲ್ಲಿ ರಚಿಸಿದನು. ಅದು ಪವಿತ್ರ ಮಾತುಗಳಿಗೆ ಹೊಂದದೆಂದೇ ಆತನು ಎಣಿಸಿದ್ದನು. ಆತನು ತೀರಿಹೋದ ಮೇಲೆ, 1855ರಲ್ಲಿ, ಬೇರೊಬ್ಬನು ಅದನ್ನು ವೆಸ್ಲಿಯ ಕೀರ್ತನೆಗೆ ಜೋಡಿಸಿದನು.

ಫೇಲಿಕ್ಸನು 1809ನೇ ಇಸವಿ ಫೆಬ್ರವರಿ 3ರಲ್ಲಿ ಜರ್ಮನಿ ದೇಶದ ಹಾಂಬುರ್ಗ್ ಪಟ್ಟಣದಲ್ಲಿ ಹುಟ್ಟಿದನು. ಆತನ ಅಜ್ಜನಾದ ಮೋಶೆ ಮೆಂಡೆಲ್ಸೋನನು ಯೆಹೂದ್ಯರಲ್ಲಿ ಬಹು ಪ್ರಸಿದ್ಧನಾದ ತತ್ವಜ್ಞಾನಿ. ತಂದೆಯಾದ ಅಬ್ರಹಾಮನು ಹಣದ ವ್ಯಾಪಾರವನ್ನು ನಡಿಸುವ ಸಾಹುಕಾರ. ಕೂಸಿಗೆ ಎರಡು ವರುಷವಾದಾಗ ಈ ಮನೆತನದವರು ಬರ್ಲಿನ್ ಪಟ್ಟಣಕ್ಕೆ ಬಂದು ನೆಲೆಸಿದರು. ಅಲ್ಲಿ 1816ನೇ ಇಸವಿ ಮಾರ್ಚಿ 21ರಲ್ಲಿ ಫೇಲಿಕ್ಸನೂ ಅವನ ಒಡಹುಟ್ಟಿದವರೂ ಪ್ರೊಟೆಸ್ಟಂಟ್ ಸಭೆಯಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ತಂದೆತಾಯಿಗಳು 1822ರಲ್ಲಿ ಹೊಂದಿದರು. ಆದರೂ ಅವರ ಹಳೇ ಕುಲವನ್ನು ಎತ್ತಿ ಆಡುವವರ ಬಾಯಿ ಮುಚ್ಚಲಿಲ್ಲ. ಈ ಹಂಗಿನಿಂದ ತಪ್ಪಿಸಿಕೊಳ್ಳುವದಕ್ಕೆ ತಂದೆಯು ಬಾರ್ತೊಲ್ದಿ ಎಂಬ ಹೊಸ ಹೆಸರನ್ನು ಧರಿಸಿ, ಮೆಂಡೆಲ್ಸೋನ್ ಎಂಬದನ್ನು ಬಿಟ್ಟುಬಿಡಬೇಕೆಂದು ಮಗನಿಗೆ ಹೇಳಿದಾಗ್ಯೂ, ಮಗನು ಹೊಸದನ್ನು ಸೇರಿಸಿಕೊಂಡನೇ ಹೊರತು ಅಜ್ಜನ ಹೆಸರನ್ನು ಬಿಡಲಿಲ್ಲ.

ಈ ಹುಡುಗನಿಗೂ ಅವನಿಗಿಂತ ಮೂರು ವರುಷ ಹಿರಿಯಳಾದ ಅಕ್ಕ ಫ್ಯಾನಿಗೂ ಪಿಯಾನೋ ನುಡಿಸುವದರ ಮೊದಲ ಪಾಠಗಳನ್ನು ತಾಯಿಯೇ ಕಲಿಸಿದಳು. ಬಳಿಕ ಬರ್ಲಿನಿನ ಗಾಯನಸಂಘದ ಮುಖ್ಯಸ್ಥನಾದ ತ್ಸೆಲ್ಟರನು ಇಬ್ಬರಿಗೂ ಗುರುವಾದನು. ಭಾನುವಾರಗಳಲ್ಲಿ ತಂದೆಯು ವಾದ್ಯಗಾರರನ್ನು ಮನೆಗೆ ಕರಿಸುತ್ತಿದ್ದನು; ಬಂಧುಗಳೂ ಸ್ನೇಹಿತರೂ ಕೂಡಿ ಕೇಳುತ್ತಿದ್ದರು. ಹೀಗೆ ಸಂಗೀತವೆಂದರೆ ಒಬ್ಬನ ಸೊತ್ತಲ್ಲ, ಕೂಡಿಬಂದವರೆಲ್ಲರ ಪಾಲು ಎಂಬದನ್ನು ಫೇಲಿಕ್ಸನು ಬಾಲ್ಯದಲ್ಲಿಯೇ ಕಂಡುಕೊಂಡನು. ಹದಿನಾರು ಹದಿನೇಳು ವಯಸ್ಸಿನಲ್ಲಿ ಆತನು ರಚಿಸಿದ ಕೃತಿಗಳು ಇಂದಿಗೂ ಲೋಕದಲ್ಲೆಲ್ಲಾ ನುಡಿಸಲ್ಪಡುತ್ತವೆ.

ಆತನು ಹದಿನಾಲ್ಕು ಹದಿನೈದು ವರುಷದವನಾಗಿದ್ದಾಗ ತಾಯಿಯ ತಾಯಿಯಾದ ಬೆಲ್ಲಾ ಸಾಲೊಮೋನ್ ಎಂಬವಳು ಅವನಿಗೆ ಒಂದು ಕೈಬರಹದ ಪುಸ್ತಕವನ್ನು ಬಹುಮಾನವಾಗಿ ಕೊಟ್ಟಳು. ಅದು ಯೋಹಾನ್ ಸೆಬಾಸ್ಟಿಯನ್ ಬಾಖನು ರಚಿಸಿದ, ಮತ್ತಾಯನ ಸುವಾರ್ತೆಗನುಸಾರವಾದ ಶ್ರಮೆಯ ಗೀತದ ಪ್ರತಿ. ಆ ಅಜ್ಜಿಯು ಕಡೇ ವರೆಗೂ ಯೆಹೂದ್ಯ ಮತದಲ್ಲಿಯೇ ಉಳಿದವಳು. ಹೀಗಿರಲಾಗಿ ಕ್ರಿಸ್ತನ ಶ್ರಮೆಯನ್ನು ಕುರಿತ ಗೀತವು ಆಕೆಯ ಕೈಯಿಂದಲೇ ಮೊಮ್ಮಗನಿಗೆ ಬಂತೆಂಬದು ಆಲೋಚಿಸತಕ್ಕ ಸಂಗತಿ.

ಬಾಖನು 1723ರಿಂದ 1750ರಲ್ಲಿ ಮರಣಹೊಂದುವ ವರೆಗೆ ಲೈಪ್ಸಿಗ್ ಪಟ್ಟಣದ ಸಂತ ತೋಮನ ದೇವಾಲಯದಲ್ಲಿ ಗಾಯನಗುರುವಾಗಿದ್ದನು. ಆತನ ಶ್ರಮೆಯ ಗೀತಕ್ಕೆ ಎರಡು ಗಾಯಕಮಂಡಳಿಗಳೂ ಎರಡು ವಾದ್ಯಮೇಳಗಳೂ ಬೇಕು. ಸುವಾರ್ತೆಯ ವೃತ್ತಾಂತವನ್ನು ಒಬ್ಬನು ಹಾಡುತ್ತಾ ಹೋಗುವನು. ಕರ್ತನ ಮಾತುಗಳನ್ನು ಮತ್ತೊಬ್ಬನು ಹಾಡುವನು. ಕೂಗಾಡುವ ಜನಸಮೂಹದ ಮಾತುಗಳನ್ನು ಮಂಡಳಿಯೆಲ್ಲಾ ಹಾಡುವದು. ನಡುನಡುವೆ ಸಭೆಗೆ ಪರಿಚಿತವಾದ ಹಳೇ ಜರ್ಮನ್ ಕೀರ್ತನೆಗಳು ಬರುವವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಬೋಧಕರ ಮೂಲಕ ಅಂಥ ಜರ್ಮನ್ ರಾಗಗಳು ನಮ್ಮ ನಾಡಿನ ಸಭೆಗಳಿಗೂ ಬಂದದ್ದರಿಂದ ಅವುಗಳ ನಡಿಗೆ ಎಂಥದೆಂದು ವಾಚಕರಲ್ಲಿ ಅನೇಕರು ಬಲ್ಲರು. ಆದರೆ ಬಾಖನು ತೀರಿಹೋದ ಮೇಲೆ ಜನರ ಅಭಿರುಚಿಯು ಬದಲಾಯಿತು. ಆತನ ಸಂಗೀತವು ಲೆಕ್ಕದಂತೆ ಕಠಿಣವೂ ಒಣಗಿದ್ದೂ ಆಗಿದೆಯೆಂದು ಹಲವರು ಹೇಳಿದರು. ಪಂಡಿತರಾದ ಕೆಲವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಗೌರವಿಸಿದರೇ ಹೊರತು ಸಾಮಾನ್ಯರ ಕಿವಿಗೆ ಬೀಳಗೊಡಲಿಲ್ಲ. ಗುರುವಾದ ತ್ಸೆಲ್ಟರನೂ ಬಾಖನ ಕೃತಿಗಳನ್ನು ಜೋಕೆಯಾಗಿ ಕಾಯುತ್ತಿದ್ದವರಲ್ಲಿ ಒಬ್ಬನು. ಆದರೆ ಶ್ರಮೆಯ ಗೀತವನ್ನು ಬಹಿರಂಗವಾಗಿ ಹಾಡಿಸುವದು ಅಸಾಧ್ಯವೆಂದು ಆತನು ನಂಬಿದ್ದನು.

ಫೇಲಿಕ್ಸನಿಗಾದರೋ ಆ ಪುಸ್ತಕವನ್ನು ಓದಿ ಸುಮ್ಮನಿರಲಿಕ್ಕೆ ಆಗಲಿಲ್ಲ. ಕೆಲವು ಮಂದಿ ಸ್ನೇಹಿತರನ್ನು ಚಳಿಗಾಲದ ಸಾಯಂಕಾಲಗಳಲ್ಲಿ ಮನೆಗೆ ಕರೆದು, ಅದರ ಭಾಗಗಳನ್ನು ಅವರಿಂದ ಹಾಡಿಸಲಾರಂಭಿಸಿದನು. ಅವರಲ್ಲಿ ನಾಟಕಶಾಲೆಯ ಗಾಯಕನಾದ ಎಡ್ವರ್ಡ್ ದೆವ್ರಿಯೆಂಟನು ಹೆಚ್ಚು ಉತ್ಸುಕನಾಗಿ, ಇದನ್ನು ಊರಿಗೆಲ್ಲಾ ಕೇಳಿಸಬೇಕೆಂದು ಒತ್ತಾಯಪಡಿಸಿದನು. 1829ರ ಆರಂಭದಲ್ಲಿ ಇವರಿಬ್ಬರೂ ತ್ಸೆಲ್ಟರನ ಮನೆಗೆ ಹೋಗಿ ಅಪ್ಪಣೆ ಕೇಳಿದರು. ಮುದಿ ಗುರುವು ಮೊದಲು ಗದರಿಸಿದನು. ಅನುಭವಸ್ಥರೇ ಕೈಹಾಕಲು ಅಂಜಿದ ಕೆಲಸಕ್ಕೆ ಈ ಎಳೆಯರು ಹೊರಟರಲ್ಲಾ ಎಂದು ಬೇಸರಗೊಂಡನು. ಫೇಲಿಕ್ಸನು ಹಿಂದಿರುಗಿ ಹೋಗಲು ಬಾಗಿಲಿನ ತನಕ ಬಂದಿದ್ದನು. ಆದರೆ ದೆವ್ರಿಯೆಂಟನು ಬಿಡದೆ ಬೇಡಿಕೊಂಡದ್ದರಿಂದ ಗುರುವಿನ ಮನಸ್ಸು ಕಡೆಗೆ ಕರಗಿತು. ಸಂಘದ ಗಾಯಕರನ್ನು ಉಪಯೋಗಿಸಲು ಆತನು ಒಪ್ಪಿದನು.

ಆಗ ಫೇಲಿಕ್ಸನಿಗೆ ಇಪ್ಪತ್ತೇ ವರುಷ. ಅಭ್ಯಾಸಕ್ಕೆ ಮೊದಲು ಬಂದವರು ಕೆಲವರು. ದಿನಕಳೆದ ಹಾಗೆ ಅವರ ಸಂಖ್ಯೆಯು ಹೆಚ್ಚುತ್ತಾ ಬಂತು. ವಾದ್ಯಗಾರರ ಪ್ರತಿಗಳನ್ನು ಸ್ನೇಹಿತರು ಕೂಲಿಯಿಲ್ಲದೆ ಬರೆದುಕೊಟ್ಟರು. ಇಡೀ ಗೀತವನ್ನು ಹಾಡಲು ಮೂರು ತಾಸಿನಷ್ಟು ಹಿಡಿಯುವದರಿಂದ, ಕೇಳುವವರು ದಣಿಯಬಾರದೆಂದು ಆತನು ಕೆಲವು ಹಾಡುಗಳನ್ನು ಬಿಟ್ಟು, ಸುವಾರ್ತೆಯ ವೃತ್ತಾಂತವು ಮುಂದಾಗಿ ಕಾಣುವಂತೆ ಕ್ರಮಪಡಿಸಿದನು. ಮಾರ್ಚಿ 11ರ ಸಾಯಂಕಾಲ ಬರ್ಲಿನಿನ ಗಾಯನಸಂಘದ ಮಂದಿರವು ಕಿಕ್ಕಿರಿದು ತುಂಬಿತು. ಸ್ಥಳವಿಲ್ಲದೆ ಹಿಂದಿರುಗಿದವರು ಬಹು ಮಂದಿ. ಪ್ರಶ್ಯದ ಅರಸನೂ ದೈವಜ್ಞಾನಿಯಾದ ಶ್ಲಾಯರ್‌ಮಾಖರನೂ ತತ್ವಜ್ಞಾನಿಯಾದ ಹೆಗೆಲನೂ ಕೇಳುವವರಲ್ಲಿದ್ದರು. ದೆವ್ರಿಯೆಂಟನು ಕರ್ತನ ಮಾತುಗಳನ್ನು ಹಾಡಿದನು. ಫ್ಯಾನಿಯು ಗಾಯಕಿಯರ ಸಾಲಿನಲ್ಲಿದ್ದಳು. ಫೇಲಿಕ್ಸನು ಪಿಯಾನೋದ ಮುಂದೆ ಕುಳಿತು ಎಲ್ಲರನ್ನೂ ನಡಿಸಿದನು. ಜನರು ದೇವಾಲಯದಲ್ಲಿ ಇದ್ದಂತೆ ನಿಶ್ಶಬ್ದರಾಗಿ ಕೇಳಿದರು. ಕೂಡಿದ ಹಣವು ಬಡ ಹುಡುಗಿಯರ ಹೊಲಿಗೆ ಶಾಲೆಗಳಿಗೆ ಸಂದಿತು. ಜನರ ಅಪೇಕ್ಷೆಯಂತೆ ಬಾಖನ ಜನ್ಮದಿನವಾದ ಮಾರ್ಚಿ 21ರಲ್ಲಿ ಗೀತವು ಪುನಃ ಹಾಡಲ್ಪಟ್ಟಿತು. ಶುಭ ಶುಕ್ರವಾರದಲ್ಲಿ ತ್ಸೆಲ್ಟರನು ತಾನೇ ಮೂರನೇ ಸಾರಿ ಹಾಡಿಸಿದನು. ಆ ಕಾಲದವರು ಅದು ನೂರು ವರುಷಗಳ ಹಿಂದೆ, 1729ರಲ್ಲಿ, ಮೊದಲು ಹಾಡಲ್ಪಟ್ಟಿತೆಂದು ಎಣಿಸಿದ್ದರು. ಅದು 1727ರಲ್ಲಿ ಎಂದು ಈಗಿನ ವಿದ್ವಾಂಸರು ಹೇಳುತ್ತಾರೆ. ಹೇಗೂ ಇರಲಿ, ಪೆಟ್ಟಿಗೆಯಲ್ಲಿದ್ದ ಗೀತವು ಆ ವಸಂತಕಾಲದಲ್ಲಿ ಜನರ ಬಾಯಿಗೆ ಬಂತು. ಆ ಬಳಿಕ ಅದು ಮೌನವಾಗಲಿಲ್ಲ.

ಮರುವರುಷ ಆತನು ಇತಾಲ್ಯಕ್ಕೆ ಹೋಗುವ ದಾರಿಯಲ್ಲಿ ವೈಮಾರ್ ಪಟ್ಟಣದಲ್ಲಿ ಎರಡು ವಾರಗಳಷ್ಟು ತಂಗಿ, ಎಂಭತ್ತು ವರುಷದ ಕವಿಯಾದ ಗಯಟೆಯನ್ನು ಸಂದರ್ಶಿಸಿದನು. ಆ ವೃದ್ಧನ ಅಪೇಕ್ಷೆಯಂತೆ ಫೇಲಿಕ್ಸನು ಬೇರೆ ಬೇರೆ ಕಾಲದ ಸಂಗೀತಗಾರರ ಕೃತಿಗಳನ್ನು ಹಿಂದಿನಿಂದ ಮುಂದಕ್ಕೆ ಕ್ರಮವಾಗಿ ನುಡಿಸಿ, ಒಂದೊಂದರ ಗುಣವನ್ನು ವಿವರಿಸುತ್ತಿದ್ದನು. ಕವಿಯು ಕತ್ತಲೆಯ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದನು. ಬೀಥೋವನನ ಹೊಸ ಸಂಗೀತವು ಕವಿಗೆ ಬೇಡವಾಗಿತ್ತು. ಆದರೂ ಫೇಲಿಕ್ಸನು ಆತನ ಐದನೆಯ ಸಿಂಫೊನಿಯ ಮೊದಲ ಭಾಗವನ್ನು ನುಡಿಸಿಯೇ ಬಿಟ್ಟನು. ಮುದುಕನು ಮೊದಲು ಅಲ್ಲಗಳೆದರೂ ಊಟದ ಹೊತ್ತಿನ ತನಕ ಅದನ್ನೇ ಕುರಿತು ಗೊಣಗುತ್ತಾ ಇದ್ದನು. ಅದು ಅವನ ಅಂತರಂಗವನ್ನು ಅಲುಗಾಡಿಸಿತ್ತು. ಹಳೆಯದನ್ನು ಮೆಚ್ಚುವವನಿಗೆ ಹೊಸದನ್ನೂ, ಹೊಸದನ್ನು ಮೆಚ್ಚುವವನಿಗೆ ಹಳೆಯದನ್ನೂ ರುಚಿನೋಡಿಸುವದು ಫೇಲಿಕ್ಸನ ವಾಡಿಕೆಯಾಗಿತ್ತು.

1835ರಲ್ಲಿ ಆತನು ಬಾಖನ ಪಟ್ಟಣವಾದ ಲೈಪ್ಸಿಗಿನ ಗೆವಾಂಟ್‌ಹೌಸ್ ವಾದ್ಯಮೇಳಕ್ಕೆ ನಾಯಕನಾದನು. ವಾದ್ಯಗಾರರ ಸಂಬಳವನ್ನು ಹೆಚ್ಚಿಸುವದಕ್ಕೆ ಪಟ್ಟಣದ ಅಧಿಕಾರಿಗಳೊಂದಿಗೆ ವಾದಿಸಿದನು. 1838ರಲ್ಲಿ ಬಾಖನಿಂದ ಮೊದಲುಗೊಂಡು ತನ್ನ ಕಾಲದ ವರೆಗಿನವರ ಸಂಗೀತವನ್ನು ಕ್ರಮವಾಗಿ ಕೇಳಿಸುವ ಕಚೇರಿಗಳನ್ನು ಏರ್ಪಡಿಸಿದನು. ವಿಯೆನ್ನ ಪಟ್ಟಣದಲ್ಲಿ 31 ವರುಷದವನಾಗಿ 1828ರಲ್ಲಿ ತೀರಿಹೋದ ಶೂಬರ್ಟನ ದೊಡ್ಡ ಸಿಂಫೊನಿಯೊಂದು ಅವನ ಅಣ್ಣನ ಮನೆಯಲ್ಲಿ ಕಾಗದಗಳ ನಡುವೆ ಬಿದ್ದಿತ್ತು. ಸಂಗೀತಗಾರನಾದ ಶೂಮನನು ಅದನ್ನು ಅಲ್ಲಿ ಕಂಡು ಲೈಪ್ಸಿಗಿಗೆ ಕಳುಹಿಸುವಂತೆ ಮಾಡಲಾಗಿ, ಮೆಂಡೆಲ್ಸೋನನು 1839ನೇ ಇಸವಿ ಮಾರ್ಚಿ 21ರಲ್ಲಿ ಅದನ್ನು ಜನರಿಗೆ ಕೇಳಿಸಿದನು.

ಬಾಖನಿಗೆ ಲೈಪ್ಸಿಗಿನಲ್ಲಿ ಒಂದು ಸ್ಮಾರಕಕಲ್ಲು ಕೂಡ ಇಲ್ಲದಿದ್ದದ್ದು ಆತನ ಮನಸ್ಸನ್ನು ನೋಯಿಸಿತು. 1840ನೇ ಇಸವಿ ಅಗಸ್ಟ್ 6ರಲ್ಲಿ ಸಂತ ತೋಮನ ದೇವಾಲಯದಲ್ಲಿ ಆತನು ಒಬ್ಬನೇ ಆರ್ಗನಿನ ಮುಂದೆ ಕುಳಿತು, ಬಾಖನ ಕೃತಿಗಳನ್ನು ನುಡಿಸಿ ಹಣವನ್ನು ಕೂಡಿಸಿದನು. ಕಾಲಿನಿಂದ ತುಳಿಯುವ ಸ್ವರಗಳನ್ನು ಅದಕ್ಕಾಗಿ ಎಂಟು ದಿವಸ ಅಭ್ಯಾಸ ಮಾಡಿ ನೆಟ್ಟಗೆ ನಿಲ್ಲಲಾರದಷ್ಟು ದಣಿದಿದ್ದನು. 1843ನೇ ಇಸವಿ ಏಪ್ರಿಲ್ 23ರಲ್ಲಿ ಸ್ಮಾರಕವು ತೆರೆಯಲ್ಪಟ್ಟಾಗ 83 ವರುಷದ ಒಬ್ಬ ಮುದುಕನು ಅಲ್ಲಿಗೆ ಬಂದಿದ್ದನು. ಆತನು ಬಾಖನ ಮೊಮ್ಮಗನು. ಅದೇ ವರುಷ ಮೆಂಡೆಲ್ಸೋನನು ಲೈಪ್ಸಿಗಿನಲ್ಲಿ ಒಂದು ಸಂಗೀತಶಾಲೆಯನ್ನೂ ಸ್ಥಾಪಿಸಿದನು.

ಆದರೆ ಈತನ ಚರಿತ್ರೆಯಲ್ಲಿ ಒಂದು ಕೊರತೆಯನ್ನು ಮುಚ್ಚಿಡುವದು ನ್ಯಾಯವಲ್ಲ. ಸತ್ತವರ ಸಂಗೀತವನ್ನು ಹುಡುಕಿ ಹಂಚಿದ ಈತನು ತನ್ನ ಸ್ವಂತ ಅಕ್ಕನ ಸಂಗೀತವು ಅಚ್ಚಾಗುವದಕ್ಕೆ ಬೆಂಬಲ ಕೊಡಲಿಲ್ಲ. ಸ್ತ್ರೀಯು ಮನೆಯನ್ನು ನೋಡಿಕೊಂಡರೆ ಸಾಕೆಂಬ ಆ ಕಾಲದ ಎಣಿಕೆಯು ತಂದೆಯಲ್ಲಿಯೂ ಮಗನಲ್ಲಿಯೂ ಇತ್ತು. ಫ್ಯಾನಿಯ ಆರು ಹಾಡುಗಳು ತಮ್ಮನ ಹೆಸರಿನಲ್ಲಿಯೇ ಪ್ರಕಟವಾದವು. 1842ರಲ್ಲಿ ಲಂಡನಿನ ಅರಮನೆಯಲ್ಲಿ ವಿಕ್ಟೋರಿಯ ರಾಣಿಯು ಆತನ ಪುಸ್ತಕದಿಂದ ತನಗೆ ಬಹಳ ಇಷ್ಟವಾದ ಹಾಡೊಂದನ್ನು ಆರಿಸಿ ಆತನ ಮುಂದೆ ಹಾಡಿದಳು. ಅದು ತನ್ನದಲ್ಲ, ಅಕ್ಕನದೆಂದು ಆತನು ಅಲ್ಲಿಯೇ ಒಪ್ಪಿಕೊಳ್ಳಬೇಕಾಯಿತು. ಕಡೆಗೆ 1846ರಲ್ಲಿ ಫ್ಯಾನಿಯು ತಾನೇ ಧೈರ್ಯಮಾಡಿ ತನ್ನ ಹೆಸರಿನಿಂದ ಹಾಡುಗಳನ್ನು ಅಚ್ಚುಹಾಕಿಸಿದಳು. ತಮ್ಮನು ತಡವಾಗಿಯಾದರೂ ಶುಭವನ್ನು ಕೋರಿ ಬರೆದನು. ಮರುವರುಷ ಮೇ 14ರಲ್ಲಿ ಆಕೆಯು ಭಾನುವಾರದ ಕಚೇರಿಗಾಗಿ ಅಭ್ಯಾಸ ಮಾಡಿಸುತ್ತಿರುವಾಗ ಆಘಾತವಾಗಿ, ಅಂದೇ ತೀರಿಕೊಂಡಳು. ಆಗ ಆಕೆಗೆ 41 ವರುಷ.

ಮೆಂಡೆಲ್ಸೋನನ ಸ್ವಂತ ಕೃತಿಗಳಲ್ಲಿ ಅಪೊಸ್ತಲ ಪೌಲನನ್ನು ಕುರಿತದ್ದು 1836ರಲ್ಲಿ ದ್ಯುಸ್ಸೆಲ್‌ಡೊರ್ಫಿನಲ್ಲಿಯೂ, ಪ್ರವಾದಿಯಾದ ಎಲೀಯನನ್ನು ಕುರಿತದ್ದು 1846ನೇ ಇಸವಿ ಅಗಸ್ಟ್ 26ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹಾಮಿನಲ್ಲಿಯೂ ಮೊದಲು ಹಾಡಲ್ಪಟ್ಟವು. ಬಾಖನಿಂದ ಕಲಿತದ್ದು ಈ ಎರಡರಲ್ಲಿಯೂ ಕಾಣುತ್ತದೆ. ವಿಶ್ರಾಂತಿಯಿಲ್ಲದ ದುಡಿಮೆಯಿಂದ ಬಳಲಿದ್ದ ಆತನು ಅಕ್ಕನ ಮರಣದ ಸುದ್ದಿಯಿಂದ ಪುನಃ ಚೇತರಿಸಿಕೊಳ್ಳಲಿಲ್ಲ. 1847ನೇ ಇಸವಿ ನವೆಂಬರ್ 4ರಲ್ಲಿ, 38ನೇ ವಯಸ್ಸಿನಲ್ಲಿ, ಲೈಪ್ಸಿಗಿನಲ್ಲಿ ಮರಣಹೊಂದಿದನು. ಬರ್ಲಿನಿನಲ್ಲಿ ಫ್ಯಾನಿಯ ಸಮಾಧಿಯ ಬಳಿಯಲ್ಲಿ ಆತನ ದೇಹವನ್ನು ಇಟ್ಟರು.

ಲೈಪ್ಸಿಗಿನವರು 1892ರಲ್ಲಿ ಗೆವಾಂಟ್‌ಹೌಸಿನ ಮುಂದೆ ಆತನ ಪ್ರತಿಮೆಯನ್ನು ನಿಲ್ಲಿಸಿದ್ದರು. ಹಿಟ್ಲರನ ಆಳಿಕೆಯಲ್ಲಿ, ಆತನು ಯೆಹೂದ್ಯ ಕುಲದವನೆಂಬ ಒಂದೇ ಕಾರಣದಿಂದ ಆತನ ಸಂಗೀತವು ಜರ್ಮನಿಯಲ್ಲಿ ನಿಷೇಧಿಸಲ್ಪಟ್ಟಿತು. 1936ರ ನವೆಂಬರಿನಲ್ಲಿ ಪಟ್ಟಣದ ಮೇಯರನಾದ ಗೋರ್ಡೆಲರನು ಊರಲ್ಲಿಲ್ಲದ ಸಮಯವನ್ನು ನೋಡಿ ಆತನ ಉಪಾಧಿಕಾರಿಯು ಪ್ರತಿಮೆಯನ್ನು ಕಿತ್ತುಹಾಕಿಸಿದನು. ಗೋರ್ಡೆಲರನು ಅದನ್ನು ಪುನಃ ನಿಲ್ಲಿಸಲಾರದೆ ತನ್ನ ಕೆಲಸಕ್ಕೆ ರಾಜೀನಾಮೆ ಕೊಟ್ಟನು. ಹಿಟ್ಲರನಿಗೆ ವಿರೋಧಿಯಾಗಿ 1945ರಲ್ಲಿ ಮರಣದಂಡನೆಯನ್ನು ಹೊಂದಿದನು. ಮರೆತುಹೋದವನನ್ನು ಜನರಿಗೆ ನೆನಪಿಗೆ ತಂದ ಮನುಷ್ಯನನ್ನೇ ಮರಸಬೇಕೆಂದು ಮಾಡಿದ ಈ ಯತ್ನವು ನಿಲ್ಲಲಿಲ್ಲ. ಆತನ ಕೃತಿಗಳನ್ನು ಪ್ರೀತಿಸಿದವರು ಅವನ್ನು ಪುನಃ ಜನರಿಗೆ ಕೇಳಿಸಿದರು. ಆ ಪ್ರತಿಮೆಯ ಮಾದರಿಯಲ್ಲಿ 2008ರಲ್ಲಿ ಮಾಡಿಸಿದ ಹೊಸ ಪ್ರತಿಮೆಯು ಬಾಖನು ದುಡಿದ ಸಂತ ತೋಮನ ದೇವಾಲಯದ ಸಮೀಪದಲ್ಲಿ ಈಗ ನಿಂತಿದೆ.

ಪ್ರಿಯರೇ, ಒಬ್ಬ ಅಜ್ಜಿಯು ಒಂದು ಪ್ರತಿಯನ್ನು ಮೊಮ್ಮಗನಿಗೆ ಕೊಟ್ಟಳು; ಅವನು ಅದನ್ನು ಕೆಲವು ಗೆಳೆಯರಿಗೆ ಕೇಳಿಸಿದನು; ಗೆಳೆಯರು ಒಂದು ಪಟ್ಟಣಕ್ಕೆ ಕೇಳಿಸಿದರು. ಇಷ್ಟರಿಂದ ಒಂದು ಮಹಾಗೀತವು ಉಳಿಯಿತು. ನಮ್ಮ ಊರುಗಳಲ್ಲಿಯೂ ಪುಸ್ತಕದಲ್ಲಿಲ್ಲದ ಹಳೇ ರಾಗಗಳನ್ನೂ ಪದಗಳನ್ನೂ ಬಲ್ಲ ಮುದುಕರೂ ಮುದುಕಿಯರೂ ಇದ್ದಾರೆ. ಅವರ ಬಳಿಯಲ್ಲಿ ಕುಳಿತು ಕೇಳುವವರೂ, ಕೇಳಿದ್ದನ್ನು ಮಕ್ಕಳಿಗೆ ಕಲಿಸುವವರೂ ಕಡಿಮೆಯಾಗಿದ್ದಾರೆ. ಮನೆಯೊಳಗೆ ಒಲೆಯ ಮುಂದೆ ಹಾಡಿಕೊಳ್ಳುವ ತಾಯಿ ಅಕ್ಕಂದಿರ ಹಾಡನ್ನು ಹೆಸರು ಹೇಳಿ ಗೌರವಿಸುವವರು ಇನ್ನೂ ಕಡಿಮೆ. ಆ ಕೆಲಸಕ್ಕೆ ಮೆಂಡೆಲ್ಸೋನನಂಥ ಪಾಂಡಿತ್ಯವು ಬೇಕಿಲ್ಲ. ಒಂದು ಸಾಯಂಕಾಲದ ಬಿಡುವೂ ಕೇಳುವ ಕಿವಿಯೂ ಇದ್ದರೆ ಸಾಕು.